ಹಾಯಿಹಡಗಿನ ರಜೆ ನಮ್ಮ ಕರಾವಳಿಯಲ್ಲಿ ಯಾಕಿಲ್ಲ?

ಬಸವೇಶ್ವರನಗರದಲ್ಲಿ ಕೂತು ಹಡಗಿನ ಬಗ್ಗೆ ಬರೆಯುವವನನ್ನು ನೋಡಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಹಾವನೂರು ಸರ್ಕಲ್ಲಿನಿಂದ ಪೂರ್ವಕ್ಕೆ ಹೋದರೂ ಸರಿ, ಪಶ್ಚಿಮಕ್ಕೆ ಹೋದರೂ ಸರಿ, ಕಡಲು ಕಾಣಬೇಕಾದರೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಬಸ್ಸಿನಲ್ಲಿ ಕೂರಬೇಕು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಆದರೂ ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ಬಸವಣ್ಣನವರ ಜೊತೆಗಾರರಲ್ಲಿ ಒಬ್ಬ ಅಂಬಿಗನಿದ್ದ, ಅಂಬಿಗರ ಚೌಡಯ್ಯ, ತುಂಗಭದ್ರೆಯ ದಡದವನು. ಹಾಗಾಗಿ ದೋಣಿ ಹಡಗುಗಳ ಬಗ್ಗೆ ಒಂದೆರಡು ಮಾತಾಡುವ ಹಕ್ಕು ನಮಗೂ ಇದೆ ಅಂದುಕೊಳ್ಳುತ್ತೇನೆ :-)

ವಿಷಯಕ್ಕೆ ಬರೋಣ. ನಮ್ಮ ರಸ್ತೆಯಲ್ಲೇ ಇರುವ ಹಿರಿಯ ಗೆಳೆಯರೊಬ್ಬರು ನಿವೃತ್ತರಾದ ಮೇಲೆ ಹೆಂಡತಿ ಸಮೇತ ಅಮೆರಿಕದ ಮಗಳ ಮನೆಗೆ ಹೋಗಿದ್ದರು. ಮಗಳು ಅಳಿಯ ಇಬ್ಬರೂ ಸೇರಿ ಇವರನ್ನು ಮೇನ್ ರಾಜ್ಯದ ಒಂದು ಹಳೇ ಹಾಯಿಹಡಗಿನಲ್ಲಿ ನಾಲ್ಕು ದಿನದ ರಜೆಗೆ ಕಳಿಸಿದರಂತೆ. ಊಟ ತಿಂಡಿ ನಿದ್ದೆ ಎಲ್ಲ ಹಡಗಿನಲ್ಲೇ. ಹಗ್ಗ ಎಳೆಯೋದಕ್ಕೂ ಪ್ರಯಾಣಿಕರನ್ನೇ ಕರೀತಾರಂತೆ. ದುಡ್ಡು ಕೊಟ್ಟು ಕೂಲಿ ಮಾಡಿ ಬಂದೆ ಅಂತ ಅವರು ನಗುತ್ತಾ ಹೇಳಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಅಲ್ರೀ, ನಮಗೂ ಮುನ್ನೂರು ಕಿಲೋಮೀಟರ್ ಕರಾವಳಿ ಇದೆಯಲ್ಲ. ಇಂಥದ್ದೊಂದು ನಮ್ಮ ಕಾರವಾರದ ಕಡೆ, ಮಂಗಳೂರಿನ ಕಡೆ ಇಲ್ವೇನ್ರೀ?"

ನಾನು ಹುಡುಕಿದೆ. ಮೋಟಾರ್ ದೋಣಿಯ ವಿಹಾರ ಸಿಕ್ಕಿತು, ಕಯಾಕ್ ಸಿಕ್ಕಿತು, ಶರಾವತಿಯ ಕಾಂಡ್ಲಾ ಕಾಡಿನೊಳಗೆ ಸುತ್ತಾಡಿಸುವವರು ಸಿಕ್ಕರು. ಹಾಯಿ ಬಿಚ್ಚಿಕೊಂಡು ಊರಿಂದೂರಿಗೆ ಹೋಗುವ ಹಳೇ ಕಾಲದ ಸರಕು ಹಡಗು ಮಾತ್ರ ಸಿಗಲಿಲ್ಲ. ಒಂದು ಕಾಲಕ್ಕೆ ಈ ತೀರದಲ್ಲಿ ಇಂಥ ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅವೆಲ್ಲ ಏನಾದವು? ಬೇರೆ ಕಡೆ ಉಳಿದದ್ದು ಇಲ್ಲಿ ಯಾಕೆ ಉಳಿಯಲಿಲ್ಲ? ಈ ಬರಹ ಅದರ ಬಗ್ಗೆ.

ಮೊದಲು ಆ ಮೇನ್ ರಾಜ್ಯದ ಕಥೆಯನ್ನೇ ತಗೊಳ್ಳಿ. ಅಲ್ಲಿಯ ಹಾಯಿಹಡಗುಗಳು ಪ್ರವಾಸಿಗರಿಗೆ ಅಂತ ಹುಟ್ಟಿದವಲ್ಲ. ಮರದ ದಿಮ್ಮಿ, ಕಲ್ಲು, ಸುಣ್ಣ, ಸೌದೆ ಹೊತ್ತು ತೀರದುದ್ದಕ್ಕೂ ಓಡಾಡುತ್ತಿದ್ದ ಲಾರಿಗಳು ಅವು, ನೀರಿನ ಮೇಲಿನ ಲಾರಿಗಳು. ರೈಲು ಮತ್ತು ನಿಜವಾದ ಲಾರಿ ಬಂದ ಮೇಲೆ ಕೆಲಸ ಹೋಯಿತು. ಒಂದೊಂದಾಗಿ ಕೆಸರಿನಲ್ಲಿ ಹೂತು ಕೊಳೆಯತೊಡಗಿದವು. 1936ರಲ್ಲಿ ಫ್ರಾಂಕ್ ಸ್ವಿಫ್ಟ್ ಎಂಬಾತ ಒಂದು ಹಳೇ ಹಡಗು ಹಿಡಿದು, ಸರಕು ತುಂಬುವ ಒಡಲಲ್ಲಿ ಮಲಗುವ ಜಾಗ ಮಾಡಿ, ಪಟ್ಟಣದವರನ್ನು ರಜೆಗೆ ಕರೆದ. ಮೊದಲ ಯಾನಕ್ಕೆ ಬಂದವರು ಮೂರೇ ಮೂರು ಜನ ಹೆಂಗಸರಂತೆ. ಆದರೆ ವ್ಯಾಪಾರ ನಿಂತಿತು. 1871ರಲ್ಲಿ ಕಟ್ಟಿದ ಸ್ಟೀಫನ್ ಟೇಬರ್ ಮತ್ತು ಅದೇ ವರ್ಷದ ಲೂಯಿಸ್ ಆರ್. ಫ್ರೆಂಚ್ ಎಂಬ ಎರಡು ಹಡಗುಗಳು ಇಂದಿಗೂ ಪ್ರವಾಸಿಗರನ್ನು ಹೊತ್ತು ತೇಲುತ್ತಿವೆ. ಒಂದೂವರೆ ಶತಮಾನ ದಾಟಿದ ಮರದ ಹಡಗುಗಳು! ಅಲ್ಲಿಯ ಎಷ್ಟೋ ಹಡಗುಗಳಿಗೆ ಇವತ್ತಿಗೂ ಇಂಜಿನ್ನೇ ಇಲ್ಲ. ಗಾಳಿ ಬಿದ್ದುಹೋದರೆ ಒಂದು ಸಣ್ಣ ಮೋಟಾರ್ ದೋಣಿ ಹಿಂದಿನಿಂದ ತಳ್ಳುತ್ತದೆ, ಕೆಟ್ಟು ನಿಂತ ಅಂಬಾಸಡರ್ ಕಾರನ್ನು ನಾವು ತಳ್ಳುತ್ತಿದ್ದ ಹಾಗೆ.

ಹಾಲೆಂಡಿನಲ್ಲೂ ಇದೇ ಕಥೆ. ಅಲ್ಲಿಯ ಕಾಲುವೆ ಮತ್ತು ಒಳಗಡಲುಗಳಲ್ಲಿ ಸರಕು ಸಾಗಿಸುತ್ತಿದ್ದ ಹಳೇ ಹಾಯಿದೋಣಿಗಳನ್ನು ಜನ ಕೊಂಡು, ರಿಪೇರಿ ಮಾಡಿ, ಶಾಲಾ ಮಕ್ಕಳನ್ನು, ಗೆಳೆಯರ ಗುಂಪುಗಳನ್ನು ಕರೆದೊಯ್ಯತೊಡಗಿದರು. ಹಾಯಿಗಳಿಗೆ ಬಾಳಿಕೆ ಬರಲೆಂದು ಹಚ್ಚುತ್ತಿದ್ದ ಬಣ್ಣದಿಂದಾಗಿ ಆ ಹಡಗುಗಳಿಗೆಲ್ಲ ಸೇರಿ "ಕಂದು ಪಡೆ" ಎಂಬ ಹೆಸರೇ ಬಿದ್ದಿದೆ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪಿನಿಸಿ ಹಡಗುಗಳದ್ದೂ ಇದೇ ದಾರಿ. ಮೊದಲು ಸರಕು, ಈಗ ಕೊಮೊಡೊ ದ್ವೀಪಗಳಿಗೆ ಹೋಗುವ ಪ್ರವಾಸಿಗರು. ಅಲ್ಲಿ ಈಗಲೂ ಸಮುದ್ರದಂಡೆಯ ಮರಳಿನ ಮೇಲೆ ಹೊಸ ಪಿನಿಸಿಗಳನ್ನು ಕೈಯಲ್ಲೇ ಕಟ್ಟುತ್ತಾರೆ. 2017ರಲ್ಲಿ ಯುನೆಸ್ಕೊ ಆ ಹಡಗು ಕಟ್ಟುವ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದ್ಯೆಯನ್ನು ಸೇರಿಸಿತು, ಹಡಗನ್ನಲ್ಲ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಷ್ಟು ದೂರ ಯಾಕೆ, ಪಕ್ಕದ ಕೇರಳವನ್ನೇ ನೋಡಿ. ನಮ್ಮಲ್ಲಿ ಅರ್ಧ ಜನ ಅಲೆಪ್ಪಿಯ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಕಳೆದು ಬಂದವರೇ. ಅದರ ಮೂಲ ಹೆಸರು ಕೆಟ್ಟುವಳ್ಳಂ. ವಳ್ಳಂ ಅಂದರೆ ದೋಣಿ. ಕೆಟ್ಟು ಅಂದರೆ ಗಾಬರಿಯಾಗಬೇಡಿ, ನಮ್ಮ "ಕಟ್ಟು" ಅಷ್ಟೇ. ಮೊಳೆ ಹೊಡೆಯದೆ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ದೋಣಿ. ಕುಟ್ಟನಾಡಿನ ಭತ್ತ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದದ್ದು ಇವೇ. ರಸ್ತೆ ಸೇತುವೆಗಳು ಬಂದು ಕೆಲಸವಿಲ್ಲದೆ ನಿಂತಿದ್ದಾಗ, 1990ರ ದಶಕದ ಆರಂಭದಲ್ಲಿ ಯಾರಿಗೋ ಅಕ್ಕಿ ಮೂಟೆಯ ಜಾಗದಲ್ಲಿ ಮಂಚ ಹಾಕುವ ಬುದ್ಧಿ ಬಂತು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಅಂದರೆ ಹಾಯಿಹಡಗಿನ ರಜೆ ಅನ್ನುವುದು ನಿಜವಾಗಿ ಸರಕು ಹಡಗಿನ ಎರಡನೇ ಜನ್ಮ. ಸುಮ್ಮನೆ ಶ್ರೀಮಂತರ ಶೋಕಿ ಅಂತ ನಾವು ತಳ್ಳಿಹಾಕುವ ಈ ವ್ಯಾಪಾರ ಎಷ್ಟೋ ಕಡೆ ಯಾವ ವಸ್ತುಸಂಗ್ರಹಾಲಯವೂ ಮಾಡದ ಕೆಲಸ ಮಾಡಿದೆ. ಸಂಗ್ರಹಾಲಯದಲ್ಲಿ ನಿಂತ ಹಡಗಿಗೆ ಬಣ್ಣ ಹೊಡೆಯುವವನು ಸಾಕು. ದಿನಾ ಕಡಲಿಗಿಳಿಯುವ ಹಡಗಿಗೆ ಹಾಗಲ್ಲ. ಹಲಗೆ ಬದಲಿಸುವ ಬಡಗಿ ಬೇಕು, ಹಾಯಿ ಹೊಲಿಯುವವನು ಬೇಕು, ಗಾಳಿ ನೋಡಿ ಚುಕ್ಕಾಣಿ ತಿರುಗಿಸುವವನು ಬೇಕು. ಟಿಕೆಟ್ಟಿನ ದುಡ್ಡು ಅವರ ಮನೆಗೆ ಹೋಗುತ್ತದೆ, ಅವರ ಮಕ್ಕಳು ಆ ಕೆಲಸ ಕಲಿಯುತ್ತಾರೆ. ಈ ರಜೆಗೆ ಎಷ್ಟು ಬೇಡಿಕೆ ಇದೆ ಅಂದರೆ ಹಳೇ ಹಡಗು ಸಾಲದೆ ಹೊಸದಾಗಿ ಕಟ್ಟಿದವರೂ ಇದ್ದಾರೆ. ಸ್ಟಾರ್ ಕ್ಲಿಪ್ಪರ್ಸ್ ಎಂಬ ಕಂಪನಿ 1991ರಿಂದ ಇದನ್ನೇ ಮಾಡುತ್ತಿದೆ. 2000ದಲ್ಲಿ ನೀರಿಗಿಳಿದ ಅದರ ರಾಯಲ್ ಕ್ಲಿಪ್ಪರ್ ಹಡಗಿಗೆ ಐದು ಕಂಬ, 42 ಹಾಯಿ.

ಈಗ ನಮ್ಮ ತೀರಕ್ಕೆ ಬರೋಣ. ನಮ್ಮಲ್ಲಿ ಹಡಗುಗಳೇನು ಕಡಿಮೆ ಇರಲಿಲ್ಲ. ಪತ್ತೆಮಾರಿ, ಮಂಜಿ, ಮಚ್ವೆ, ಪಡಾವು ಅಂತ ಹೆಸರುಗಳೇ ಎಷ್ಟು! ಕಾರವಾರ, ಬೇಲೇಕೇರಿ, ತದಡಿ, ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಮಂಗಳೂರು... ನದಿ ಸಮುದ್ರ ಸೇರುವ ಜಾಗಗಳಲ್ಲೆಲ್ಲ ಒಂದೊಂದು ಬಂದರು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಆ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳ ಶಾಲೆ 23 ಇದ್ದವೆಂದು ಬರೆದಿದ್ದಾನೆ. ಕಡಲ ವ್ಯಾಪಾರದಿಂದ ಬೆಳೆದ ಊರು ಹೇಗಿತ್ತು ಅನ್ನುವುದಕ್ಕೆ ಅಷ್ಟು ಸಾಕು. ಶ್ರೀರಂಗಪಟ್ಟಣದಲ್ಲಿ ಕೂತಿದ್ದ ಟಿಪ್ಪು ಸುಲ್ತಾನ್ ಕೂಡ 1796ರಲ್ಲಿ ನಲವತ್ತು ಯುದ್ಧಹಡಗುಗಳ ಯೋಜನೆ ಹಾಕಿ ಮಂಗಳೂರು, ಮಿರ್ಜಾನ್, ಸದಾಶಿವಗಡ ಈ ಮೂರು ಕಡೆ ಹಡಗುಕಟ್ಟೆಗಳನ್ನು ಗೊತ್ತುಮಾಡಿದ್ದ. ಮೂರು ವರ್ಷದೊಳಗೆ ಅವನೇ ಇಲ್ಲವಾದ, ಅದು ಬೇರೆ ಮಾತು.

ನಮ್ಮ ಹಡಗುಗಳ ಹಾಯಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಸಿನಿಮಾದಲ್ಲಿ ನಾವು ನೋಡುವ ಯುರೋಪಿನ ಎತ್ತರದ ಹಡಗುಗಳಿಗೆ ಅಡ್ಡಡ್ಡಲಾಗಿ ಚೌಕದ ಹಾಯಿಗಳು. ಬೆನ್ನ ಹಿಂದಿನಿಂದ ಗಾಳಿ ಬೀಸಿದರೆ ಅವಕ್ಕೆ ಹಬ್ಬ. ನಮ್ಮ ಪತ್ತೆಮಾರಿಯದ್ದು ಮೂರು ಮೂಲೆಯ ಹಾಯಿ. ಮುಂದಕ್ಕೆ ಬಾಗಿದ ಕೂವೆಮರ, ಅದಕ್ಕೆ ಓರೆಯಾಗಿ ತೂಗುಬಿದ್ದ ಉದ್ದನೆಯ ಮರ, ಆ ಮರಕ್ಕೆ ಕಟ್ಟಿದ ಹಾಯಿ. ಗಾಳಿ ಪಕ್ಕದಿಂದ ಬಂದರೂ, ಸ್ವಲ್ಪ ಎದುರಿನಿಂದ ಬಂದರೂ ಇದು ಹಡಗನ್ನು ಮುಂದಕ್ಕೆ ಒಯ್ಯುತ್ತದೆ. ನಮ್ಮ ತೀರಕ್ಕೆ ಇದೇ ಬೇಕಿತ್ತು. ಮಳೆಗಾಲ ಮುಗಿದ ಮೇಲೆ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ, ವಾಯವ್ಯದ ಕಡೆಯಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಂಗಳೂರಿನಿಂದ ಮುಂಬಯಿಗೆ ಹೊರಟವನು ರಾತ್ರಿಯ ನೆಲಗಾಳಿ ಹಿಡಿದು ಬಡಗಣಕ್ಕೆ ಸಾಗಬೇಕು, ಮಧ್ಯಾಹ್ನದ ಕಡಲುಗಾಳಿಯಲ್ಲಿ ಅಂಕುಡೊಂಕಾಗಿ ಹೋಗಬೇಕು. ಪ್ರತಿ ತಿರುವಿಗೂ ಆ ಭಾರಿ ಮರವನ್ನು ಹಾಯಿ ಸಮೇತ ಕಂಬದ ಇನ್ನೊಂದು ಬದಿಗೆ ಹೊರಳಿಸಬೇಕು. ಖಲಾಸಿಗಳ ರಟ್ಟೆ ಮತ್ತು ತಂಡೇಲನ ಕಣ್ಣು ಎರಡೂ ಒಂದೇ ಕ್ಷಣಕ್ಕೆ ಕೂಡಿಬರಬೇಕು. ಇದನ್ನು ಯಾರೂ ಪುಸ್ತಕ ಓದಿ ಕಲಿಯಲಿಲ್ಲ.

ಇನ್ನು ಪಂಚಾಂಗ. ಮುಂಗಾರು ಬಂತೆಂದರೆ ಹಡಗುಗಳನ್ನು ನದಿಯೊಳಗೆ ತಂದು, ದಡಕ್ಕೆಳೆದು, ತೆಂಗಿನ ಗರಿ ಹೊದಿಸಿಬಿಡುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಆದಮೇಲೆ ಮತ್ತೆ ನೀರಿಗಿಳಿಸುವ ಮಾತು. ವರ್ಷಕ್ಕೆ ನಾಲ್ಕು ತಿಂಗಳು ಹಡಗಿಗೇ ರಜೆ!

ಹಾಗಾದರೆ ಬರೀ ಸಂತೋಷಕ್ಕೆ ಈ ತೀರದಲ್ಲಿ ಹಡಗು ಹತ್ತಿದವರು ಯಾರೂ ಇಲ್ಲವೇ? ಇದ್ದಾರೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯವನು ಗೋವೆಯಿಂದ ಹೊನ್ನಾವರಕ್ಕೆ ಕಡಲ ಮೇಲೆ ಬಂದ. ಅವನು ವ್ಯಾಪಾರಿಯಲ್ಲ, ಸೈನಿಕನಲ್ಲ, ಪಾದ್ರಿಯೂ ಅಲ್ಲ. ಊರು ನೋಡುವ ಹುಚ್ಚಿನಿಂದ 1614ರಲ್ಲಿ ಮನೆಬಿಟ್ಟು ಹೊರಟವನು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಪೋರ್ಚುಗೀಸರ ರಾಯಭಾರಿ ಹೊರಟಿದ್ದ, ಇವನೂ ಜೊತೆಗೆ ಸೇರಿಕೊಂಡ. ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯಲ್ಲಿ ದೋಣಿಯ ಮೇಲೆ ಹೋದ. ಆ ನದಿಯ ಚೆಲುವಿಗೆ ಮನಸೋತು ಬರೆದಿದ್ದಾನೆ. ಘಟ್ಟ ಹತ್ತುವ ದಾರಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸಿ ರಾಗವಾಗಿ ಲೆಕ್ಕ ಕಲಿಯುವುದನ್ನು ನೋಡಿ ನಿಂತ. ಆಮೇಲೆ ಮತ್ತೆ ಕರಾವಳಿಗಿಳಿದು ಮಂಗಳೂರಿಗೆ ಹೋಗಿ ಉಳ್ಳಾಲದ ರಾಣಿಯನ್ನೂ ಕಂಡ. ನನ್ನ ಲೆಕ್ಕದಲ್ಲಿ ನಮ್ಮ ಕರಾವಳಿಯ ಹಾಯಿಹಡಗಿನ ಮೊದಲ ಪ್ರವಾಸಿ ಇವನೇ.

ಇನ್ನೊಬ್ಬರು ರವೀಂದ್ರನಾಥ ಟ್ಯಾಗೋರ್. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ಆಸುಪಾಸಿನ ತಮ್ಮ ಅಲ್ಲಿ ಬಂದಿದ್ದರು. ಒಂದು ಸಂಜೆ ಕಾಳಿ ನದಿಯಲ್ಲಿ ದೋಣಿಯ ಮೇಲೆ ಮೇಲಕ್ಕೆ ಹೋಗಿ, ಬೆಳದಿಂಗಳಿನಲ್ಲಿ ಇಳಿತದ ನೀರಿನ ಜೊತೆ ತೇಲಿಕೊಂಡು ಅಳಿವೆಗೆ ಬಂದದ್ದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಇವತ್ತು ಅವರದೇ ಹೆಸರು.

ಆದರೆ ಇಂಥವರನ್ನು ನಂಬಿ ಹಡಗು ಬದುಕುವುದಿಲ್ಲ. ಹಡಗು ಬದುಕುವುದು ಸರಕಿನಿಂದ. ನಮ್ಮ ಹಡಗುಗಳಿಗೆ ಎರಡು ದೊಡ್ಡ ಸರಕುಗಳಿದ್ದವು.

ಒಂದು ಹತ್ತಿ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಮುಂಬಯಿಗೆ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ಬಿದ್ದ ಹೆಸರು "ಕುಮಟಾ ಹತ್ತಿ". 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತು ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಲೋಂಡಾ ಮೂಲಕ ಗೋವೆಯ ಮರ್ಮಗೋವಾಕ್ಕೆ ರೈಲು ಹೋಯಿತು ನೋಡಿ, ಹತ್ತಿ ಆ ದಾರಿ ಹಿಡಿಯಿತು. ಕುಮಟಾದ ಹಡಗುಗಳಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿ.

ಇನ್ನೊಂದು ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅಲ್ಲಿಂದ ಮಂಗಳೂರು ಹೆಂಚು ಕಡಲ ದಾರಿಯಲ್ಲಿ ದೇಶ ವಿದೇಶಗಳಿಗೆ ಹೋಯಿತು. ರಾಜಾಜಿನಗರ, ಮಲ್ಲೇಶ್ವರದ ಕಡೆ ಹೆಂಚಿನ ಮನೆ ಇನ್ನೂ ಉಳಿದಿದ್ದರೆ ಒಮ್ಮೆ ತಲೆ ಎತ್ತಿ ನೋಡಿ, ಅದೇ ನಮೂನೆ. ಬೆಂಗಳೂರಿಗೆ ಅದು ನೆಲದ ಮೇಲೆ ಬಂತು, ಮುಂಬಯಿಗೆ ಹೋದದ್ದು ಹಡಗಿನ ಒಡಲಲ್ಲಿ. ತಾರಸಿ ಮನೆಗಳ ಕಾಲ ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು. ಹಡಗಿನ ಎರಡನೇ ಸರಕೂ ಹೋಯಿತು.

ಮೂರನೆಯ ಪೆಟ್ಟು ಸೇತುವೆಗಳದ್ದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನದಿಗಳು ಕಡಲು ಸೇರುವ ಕಡೆ ಅಗಲವೋ ಅಗಲ. ಸೇತುವೆ ಇಲ್ಲದ ಕಾಲದಲ್ಲಿ ರಸ್ತೆ ಅನ್ನುವುದು ತುಂಡುತುಂಡು, ಕಡಲೇ ಹೆದ್ದಾರಿ. ಒಂದೊಂದು ಸೇತುವೆ ಎದ್ದ ಹಾಗೂ ಒಂದಿಷ್ಟು ದೋಣಿಗಳು ದಡ ಸೇರಿದವು. ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿಗೆ ಸೇತುವೆ ಆದದ್ದು 1983ರಲ್ಲಿ. (ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು.) 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಗಿ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಅಲ್ಲಿಗೆ ಕಡಲಿನ ಮೇಲೆ ಕಳಿಸಲೇಬೇಕಾದ ಸರಕು ಬಹುತೇಕ ಮುಗಿಯಿತು.

ಬಹುತೇಕ ಅಂದೆ, ಪೂರ್ತಿ ಅಲ್ಲ. ಮಂಗಳೂರಿನ ಹಳೇ ಬಂದರಿಗೆ, ಊರಿನವರ ಬಾಯಲ್ಲಿ ಬರೀ "ಬಂದರ್", ಯಾವತ್ತಾದರೂ ಹೋಗಿ. ಮರದ ಮಂಜಿಗಳು ಲಕ್ಷದ್ವೀಪಕ್ಕೆ ಹೊರಡಲು ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಈರುಳ್ಳಿ, ತರಕಾರಿ ತುಂಬಿಸುತ್ತಿರುತ್ತಾರೆ. ದ್ವೀಪಕ್ಕೆ ಸೇತುವೆ ಕಟ್ಟಲಾಗುವುದಿಲ್ಲವಲ್ಲ, ಹಾಗಾಗಿ ಇವು ಬದುಕಿವೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಈಗಲೂ ಇವಕ್ಕೆ ಕಡಲು ಬಂದ್, ಅದೇ ಹಳೇ ಪಂಚಾಂಗ. ನಾನು ಹೋದಾಗ ಅಲ್ಲಿ ಹಗ್ಗದ ಸುರುಳಿಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು "ಇದಕ್ಕೆ ಹಾಯಿ ಕಟ್ಟೋದಿಲ್ವಾ?" ಅಂತ ಕೇಳಿದೆ. ಅವರು ನಕ್ಕರು. "ಹಾಯಿ ನಮ್ಮ ಅಪ್ಪನ ಕಾಲಕ್ಕೆ ಆಯ್ತು ಸಾರ್. ನಮಗೆ ಗೊತ್ತಿರೋದು ಡೀಸೆಲ್ ಮಾತ್ರ" ಅಂದರು. ಹಡಗಿನ ಮೈ ಇತ್ತು, ಮರ ಇತ್ತು, ಹೆಸರು ಇತ್ತು. ಹಾಯಿ ಹಾಕಿ ನಡೆಸುವ ವಿದ್ಯೆ ಒಂದು ತಲೆಮಾರಿನ ಹಿಂದೆಯೇ ಇಳಿದುಹೋಗಿತ್ತು.

ನಮ್ಮ ಹಡಗುಗಳಿಗೆ ಎರಡನೇ ಜನ್ಮ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ನನಗೆ ತೋಚಿದ ಕಾರಣಗಳು ಮೂರು. ಮೊದಲನೆಯದು, ಕೇರಳದ ಕೆಟ್ಟುವಳ್ಳಂ ಹಿನ್ನೀರಿನ ದೋಣಿ, ಅಲ್ಲಿ ಅಲೆಯಿಲ್ಲ, ಹೊಟ್ಟೆ ತೊಳಸುವುದಿಲ್ಲ, ಮಕ್ಕಳು ಮುದುಕರು ಯಾರಾದರೂ ಹೋಗಬಹುದು. ನಮ್ಮ ಪತ್ತೆಮಾರಿ ತೆರೆದ ಕಡಲಿನದ್ದು. ಎರಡನೆಯದು, ಕಾಲ ಹೊಂದಲಿಲ್ಲ. ಮೇನ್ ರಾಜ್ಯದಲ್ಲಿ ಕೊನೆಯ ಸರಕು ಹಡಗುಗಳು ಇನ್ನೂ ತೇಲುತ್ತಿದ್ದಾಗಲೇ ರಜೆಯವರು ಬಂದರು. ನಮ್ಮಲ್ಲಿ ಗೋಕರ್ಣ, ಮುರ್ಡೇಶ್ವರ, ಕಾರವಾರಕ್ಕೆ ಬೆಂಗಳೂರಿನವರು ಶನಿವಾರ ಭಾನುವಾರ ಬಸ್ಸು ತುಂಬಿ ಹೋಗತೊಡಗುವ ಹೊತ್ತಿಗೆ ಕೂವೆಮರಗಳು ಸೌದೆಯಾಗಿದ್ದವು. ಮೂರನೆಯದು ಸ್ವಲ್ಪ ಕಹಿ. ಹಡಗಿನ ಮೇಲೆ ದುಡಿದವರನ್ನು, ಹಡಗು ಕಟ್ಟಿದವರನ್ನು ನಾವು ವಿದ್ಯಾವಂತರೆಂದು ಎಂದೂ ಎಣಿಸಲಿಲ್ಲ. ಬೇಲೂರಿನ ಶಿಲ್ಪಿಗಳ ಕೈಚಳಕವನ್ನು ಶಾಲೆಯಲ್ಲಿ ಓದಿದೆವು, ಅಳಿವೆಯ ದಡದಲ್ಲಿ ಬರೀ ಕಣ್ಣಳತೆಯಲ್ಲಿ ಹಡಗಿನ ಪಕ್ಕೆಲುಬು ಕೂರಿಸುತ್ತಿದ್ದ ಆಚಾರಿಯ ಬಗ್ಗೆ ಒಂದು ಪುಟವೂ ಇರಲಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್ಎಸ್ ಚಪಲ್ ಎಂಬ ಕ್ಷಿಪಣಿ ಹಡಗನ್ನು 2006ರಿಂದ ದಡಕ್ಕೇರಿಸಿ ಸಂಗ್ರಹಾಲಯ ಮಾಡಿದ್ದಾರೆ, ಮಕ್ಕಳಿಗೆ ತೋರಿಸಬೇಕಾದದ್ದೇ. ಆದರೆ ಆ ತೀರವನ್ನು ಶತಮಾನಗಳ ಕಾಲ ಸಾಕಿದ ಮರದ ಹಡಗೊಂದು ಅದರ ಪಕ್ಕದಲ್ಲಿಲ್ಲ.

"ಹೋಗಲಿ ಬಿಡಿ, ಕಾಲ ಬದಲಾಯ್ತು, ಅದರಿಂದ ನಷ್ಟ ಏನು?" ಅಂತ ನೀವು ಕೇಳಬಹುದು. ನಷ್ಟ ಏನು ಅನ್ನುವುದನ್ನು ಅದೇ ಕಾರವಾರ 2025ರ ಮೇ 21ರಂದು ತೋರಿಸಿಕೊಟ್ಟಿತು.

ಅವತ್ತು ಕಾರವಾರದ ನೌಕಾನೆಲೆಯಲ್ಲಿ ಐಎನ್ಎಸ್‌ವಿ ಕೌಂಡಿನ್ಯ ಎಂಬ ಹಡಗು ನೌಕಾಪಡೆಗೆ ಸೇರಿತು. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಡಗು, ಇಂಜಿನ್ ಇಲ್ಲ, ಚೌಕದ ಹಾಯಿ, ಚುಕ್ಕಾಣಿಯ ಬದಲು ದೊಡ್ಡ ಹುಟ್ಟುಗಳು. ಇದನ್ನು ಕಟ್ಟಲು ಇಟ್ಟುಕೊಂಡ ನಕ್ಷೆ ಯಾವುದು ಗೊತ್ತೇ? ಅಜಂತಾದ ಗುಹೆಯೊಳಗಿನ 5ನೇ ಶತಮಾನದ ಒಂದು ಚಿತ್ರ! ಅಂಥ ಹಡಗು ಒಂದೂ ಉಳಿದಿರಲಿಲ್ಲ, ಅಳತೆ ಬರೆದಿಟ್ಟ ಓಲೆಯೂ ಇರಲಿಲ್ಲ. ಗೋಡೆಯ ಮೇಲಿನ ಚಿತ್ರ ನೋಡಿ ಹಡಗಿನ ಹೊಟ್ಟೆ ಎಷ್ಟಿರಬೇಕು, ಅದು ಕಡಲಿನಲ್ಲಿ ಮಗುಚದೆ ನಿಲ್ಲುತ್ತದೆಯೇ ಅಂತ ಊಹಿಸಿ ಲೆಕ್ಕ ಹಾಕಬೇಕಾಯಿತು. ಮದ್ರಾಸ್ ಐಐಟಿಯಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು. 2023ರ ಜುಲೈನಲ್ಲಿ ಒಪ್ಪಂದ, ಅದೇ ಸೆಪ್ಟೆಂಬರಿನಲ್ಲಿ ಕೆಲಸ ಶುರು, 2025ರ ಫೆಬ್ರವರಿಯಲ್ಲಿ ನೀರಿಗಿಳಿದದ್ದು. ಕಟ್ಟಿದ್ದು ಗೋವೆಯ ದಿವಾಡಿ ದ್ವೀಪದಲ್ಲಿ.

ಹಲಗೆ ಹೊಲಿದ ಕೈಗಳು ಎಲ್ಲಿಂದ ಬಂದವು? ಕೇರಳದಿಂದ. ಬಾಬು ಶಂಕರನ್ ಎಂಬ ಹಿರಿಯ ಕಸುಬುದಾರರ ಮುಂದಾಳುತನದ ತಂಡ. ಹೌಸ್‌ಬೋಟಿನ ಹೆಸರಿನಲ್ಲಿ ಕೆಟ್ಟುವಳ್ಳಂ ಯಾವ ನಾಡಿನಲ್ಲಿ ಉಳಿಯಿತೋ ಆ ನಾಡಿನಲ್ಲೇ ಹಲಗೆ ಹೊಲಿಯುವ ಕೈಯೂ ಉಳಿದಿತ್ತು ಅನ್ನುವುದು ಬರೀ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ಇದ್ದಲ್ಲಿ ಕೈ ಉಳಿಯುತ್ತದೆ. ಯುನೆಸ್ಕೊ ಸುಲಾವೆಸಿಯಲ್ಲಿ ಹಡಗನ್ನು ಬಿಟ್ಟು ವಿದ್ಯೆಯನ್ನು ಪಟ್ಟಿಗೆ ಸೇರಿಸಿತು ಅಂದೆನಲ್ಲ, ಅದರ ಅರ್ಥ ಇದೇ. ಹಡಗು ಮುರಿದರೆ ಇನ್ನೊಂದು ಕಟ್ಟಬಹುದು. ಕಟ್ಟುವವನು ಹೋದರೆ ಗುಹೆಯ ಗೋಡೆ ನೋಡಬೇಕು.

ಕೌಂಡಿನ್ಯ 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಒಮಾನಿನ ಮಸ್ಕತ್ ಮುಟ್ಟಿತು. ಗಾಳಿಯನ್ನೇ ನಂಬಿ ಹೋದ ದಾರಿ. ಅದರ ಹಾಯಿಯ ಮೇಲೆ ಸೂರ್ಯನ ಜೊತೆಗೆ ಬರೆದಿರುವ ಚಿತ್ರ ಗಂಡಭೇರುಂಡ. ಹೌದು, ನಮ್ಮ ರಾಜ್ಯದ ಲಾಂಛನದಲ್ಲಿರುವ ಅದೇ ಎರಡು ತಲೆಯ ಹಕ್ಕಿ. ಹಾಯಿಯ ಮೇಲೆ ನಮ್ಮ ಹಕ್ಕಿ ಇತ್ತು, ಹಗ್ಗ ಹಿಡಿದ ಕೈಯಲ್ಲಿ ನಮ್ಮ ಹಳೇ ತಂಡೇಲರ ವಿದ್ಯೆ ಇರಲಿಲ್ಲ. ನೌಕಾಪಡೆಯ ಹುಡುಗರು ಎಲ್ಲವನ್ನೂ ಹೊಸದಾಗಿ ಕಲಿತುಕೊಂಡು ಹೋದರು. ಅವರ ಸಾಹಸಕ್ಕೆ ದೊಡ್ಡ ನಮಸ್ಕಾರ. ಆದರೆ ನೂರೈವತ್ತು ವರ್ಷದ ಹಿಂದೆ ಕುಮಟಾದಲ್ಲೋ ಗಂಗೊಳ್ಳಿಯಲ್ಲೋ ಓದುಬರಹ ಬಾರದ ಹುಡುಗನಿಗೂ ಗೊತ್ತಿದ್ದ ಕೆಲಸ ಇವತ್ತು ರಾಷ್ಟ್ರೀಯ ಸುದ್ದಿಯಾಗುತ್ತದೆ ಅಂದರೆ, ನಡುವೆ ನಾವು ಎಷ್ಟನ್ನು ಕೈಬಿಟ್ಟೆವು ಅಂತ ಲೆಕ್ಕ ಹಾಕಿ.

ಪ್ರವಾಸೋದ್ಯಮ ಅಂದರೆ ಬರೀ ಪುಣ್ಯದ ಕೆಲಸ ಅಂತ ನಾನು ಹೇಳುತ್ತಿಲ್ಲ. ಹೌಸ್‌ಬೋಟುಗಳು ಹೆಚ್ಚಾಗಿ ವೇಂಬನಾಡ್ ಸರೋವರದ ನೀರು ಏನಾಗಿದೆ ಅನ್ನುವುದನ್ನು ಅಲ್ಲಿಗೆ ಹೋದವರು ಕಣ್ಣಾರೆ ನೋಡಿದ್ದಾರೆ. ಹಾಯಿಯ ದೋಣಿಗೆ ಡೀಸೆಲ್ ಹಾಕಿ ಏಸಿ ಕೂರಿಸಿದರೆ ಅದು ತೇಲುವ ಲಾಡ್ಜು. ಆದರೆ ಗಾಳಿಯಿಂದ ನಡೆಯುವ ಹಡಗಿನ ರಜೆ ಅದಲ್ಲ. ಹೊಗೆಯಿಲ್ಲ, ಗದ್ದಲವಿಲ್ಲ, ಎಲ್ಲಿಗೆ ಹೋಗಬೇಕೆಂದು ಗಾಳಿಯನ್ನು ಕೇಳಬೇಕು. ಅಕ್ಟೋಬರಿನಿಂದ ಮ��ಏವರೆಗೆ ನಮ್ಮ ಕಡಲು ಶಾಂತವಾಗಿಯೇ ಇರುತ್ತದೆ. ಹೊನ್ನಾವರದ ಅಳಿವೆ ಇದೆ, ಕಾಳಿಯ ಅಳಿವೆ ಇದೆ. ಒಂದೇ ಒಂದು ಮಂಜಿಗೆ ಮತ್ತೆ ಹಾಯಿ ಕಟ್ಟಿ, ಹಳಬರು ಯಾರಾದರೂ ಉಳಿದಿದ್ದರೆ ಅವರನ್ನು ಸಂಬಳ ಕೊಟ್ಟು ಕೂರಿಸಿ, ಹತ್ತು ಹುಡುಗರಿಗೆ ಕಲಿಸಿದರೆ ಸಾಕು. ಟಿಕೆಟ್ ಕೊಂಡು ಹಗ್ಗ ಎಳೆಯಲು ಬೆಂಗಳೂರಿನಿಂದ ಜನ ಬರುತ್ತಾರೆ, ಅದರ ಚಿಂತೆ ಬೇಡ. ಟ್ರೆಕ್ಕಿಂಗ್ ಹೆಸರಿನಲ್ಲಿ ದುಡ್ಡು ಕೊಟ್ಟು ಬೆಟ್ಟ ಹತ್ತುವವರು ನಾವು!

ಅದು ಆಗುವವರೆಗೆ ನಾವು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಪೇಪರಿನವರು ದಿನಾ "ಅಧಿಕಾರದ ಚುಕ್ಕಾಣಿ" ಅಂತ ಬರೆಯುತ್ತಾರೆ, ಚುಕ್ಕಾಣಿ ಹಿಡಿದವರನ್ನು ಕೇಳಿದವರಿಲ್ಲ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಕುಮಟಾ, ಭಟ್ಕಳ, ಗಂಗೊಳ್ಳಿ, ಮಂಗಳೂರು ಕಡೆಯ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಒಂದು ಮಧ್ಯಾಹ್ನ ಅವರ ಹತ್ತಿರ ಕೂತು ಕೇಳಿ. ಹಡಗಿನ ಯಾವ ಭಾಗಕ್ಕೆ ಏನೆನ್ನುತ್ತಿದ್ದರು, ಯಾವ ಗಾಳಿಗೆ ಏನು ಹೆಸರು, ಯಾವ ನಕ್ಷತ್ರ ನೋಡಿ ಹೊರಡುತ್ತಿದ್ದರು, ಮೊದಲ ಮಳೆಗೆ ಸಿಕ್ಕಿಕೊಂಡ ಹಡಗು ಯಾರದ್ದು. ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಸಾಧ್ಯವಾದರೆ ಬರೆದಿಡಿ. ಹಡಗು ಸಿಗದಿದ್ದರೆ ಅದರ ಮಾತಾದರೂ ಸಿಗಲಿ. ಮುಂದೆ ಯಾರಾದರೂ ಕಟ್ಟಲು ಹೊರಟಾಗ ಅವರಿಗೆ ಗುಹೆಯ ಗೋಡೆಗಿಂತ ಹತ್ತಿರದ್ದೇನಾದರೂ ಇರಲಿ.